ಅಂಚಿನಲ್ಲಿದ್ದ ಒಂದು ಸಾಲು

ಗೊಟ್ಲೀಬ್ ರಾಪೋಲ್ಟನ ಅಕ್ಷರ ಮುತ್ತು ಪೋಣಿಸಿದ ಹಾಗೆ ಇರುತ್ತಿತ್ತು. ಇದನ್ನು ಮೊದಲೇ ಹೇಳಿಬಿಡಬೇಕು, ಏಕೆಂದರೆ ಆಮೇಲೆ ನಡೆದ ಅನಾಹುತಕ್ಕೆಲ್ಲ ಆ ಅಕ್ಷರವೇ ಮೂಲ. ನಮ್ಮ ಹಾಸೆಲ್ಬಾಖ್ ಊರಿನ ಚರ್ಚಿನಲ್ಲಿ ಅವನು ಮೂವತ್ತು ಚಿಲ್ಲರೆ ವರ್ಷ ಗುಮಾಸ್ತನಾಗಿದ್ದ. ಯಾರು ಹುಟ್ಟಲಿ, ಯಾರು ಮದುವೆಯಾಗಲಿ, ಯಾರು ಸಾಯಲಿ, ಅವನ ದಪ್ಪ ಪುಸ್ತಕದೊಳಗೆ ಬೀಳುವವರೆಗೆ ಅದು ನಡೆದದ್ದೇ ಅಲ್ಲ. ಅಷ್ಟು ವರ್ಷದಲ್ಲಿ ಒಂದು ಚಿತ್ತಿಲ್ಲ, ಒಂದು ತಿದ್ದುಪಡಿ ಇಲ್ಲ. ಅಂಥ ಮನುಷ್ಯ ಒಂದು ಸಲ ನಿಜ ಬರೆದು ತಪ್ಪು ಮಾಡಿದ, ಇನ್ನೊಂದು ಸಲ ಸುಳ್ಳು ಬರೆದು ಅದಕ್ಕಿಂತ ದೊಡ್ಡ ತಪ್ಪು ಮಾಡಿದ. ಎರಡು ಸಲವೂ ಅದರ ಕೆಳಗೆ ಸಿಕ್ಕವಳು ಒಬ್ಬಳೇ ಹೆಂಗಸು, ನಮ್ಮೂರ ಸೂಲಗಿತ್ತಿ ಅಪೊಲೊನಿಯಾ ಶ್ಟ್ರೋಬೆಲ್. ಊರಿಗೆಲ್ಲ ಅವಳು ಲೋನಿಯಕ್ಕ.

ಗೊಟ್ಲೀಬನದು ಸಣಕಲು ದೇಹ, ಇಸ್ತ್ರಿ ಮಾಡಿದ ಕಾಲರು, ಅಂಗಿಯ ತೋಳಿಗೆ ಮಸಿ ತಾಗದಂತೆ ಕಪ್ಪು ಬಟ್ಟೆಯ ಚೀಲ. ಮೇಜಿನ ಮೇಲೆ ಎರಡು ದೌತಿ. ಸಾಲಿನಲ್ಲಿ ಬರೆಯುವುದಕ್ಕೆ ಕಪ್ಪು ಮಸಿ, ಅಂಚಿನ ಟಿಪ್ಪಣಿಗೆ ಕೆಂಪು ಮಸಿ. ಯಾರ ಮನೆಗೆ ಹೋದರೂ ಗೋಡೆಯ ಮೇಲಿನ ಪಟ ಸೊಟ್ಟಗಿದ್ದರೆ ನೆಟ್ಟಗೆ ಮಾಡಿಯೇ ಕೂರುತ್ತಿದ್ದ. "ನಮ್ಮನೆಯವರು ಆಲೂಗಡ್ಡೆ ಕಡುಬನ್ನೂ ತಟ್ಟೆಯಲ್ಲಿ ಸಾಲಾಗಿ ಜೋಡಿಸ್ಕೊಂಡು ತಿಂತಾರೆ" ಎಂದು ಹೆಂಡತಿ ಬಾಬೆಟ್ಟೆ ಬಾವಿಕಟ್ಟೆಯಲ್ಲಿ ಹೇಳಿ ನಗಿಸುತ್ತಿದ್ದಳು. ಅವನಿಗೆ ಅದು ಬೈಗುಳವಾಗಿ ಕೇಳುತ್ತಿರಲಿಲ್ಲ.

ಅವರಿಗೆ ಒಬ್ಬಳೇ ಮಗಳು, ಹೆಡ್ವಿಗ್. ಅವಳು ಹುಟ್ಟಿದ್ದು ಮೊದಲನೆಯ ಯುದ್ಧ ಮುಗಿದ ವರ್ಷ. ಬಾಬೆಟ್ಟೆ ಮೂರು ದಿನ ನೋವು ತಿಂದಳು. ಡಾಕ್ಟರು ಬಂದವರು, ಇಬ್ಬರಲ್ಲಿ ಒಬ್ಬರು ಉಳಿದರೆ ಪುಣ್ಯ ಎಂದು ಹೇಳಿ ಕೈ ತೊಳೆದುಕೊಂಡು ಹೋದರು. ಲೋನಿಯಕ್ಕ ಹೋಗಲಿಲ್ಲ. ಅವಳ ಗಂಡ ಆ ಯುದ್ಧದಲ್ಲೇ ಸತ್ತು ಇನ್ನೂ ವರ್ಷ ತುಂಬಿರಲಿಲ್ಲ, ಇನ್ನೂ ಶೋಕದ ಕಪ್ಪು ಉಡುಪಿನಲ್ಲೇ ಇದ್ದಳು. ಅಂಗಿಯ ತೋಳು ಮೇಲಕ್ಕೆ ಮಡಚಿಕೊಂಡು, "ಏ ಗೊಟ್ಲೀಬ, ಅಲ್ಲಿ ಮೂಲೇಲಿ ನಿಂತ್ಕೊಂಡು ದೇವರನ್ನ ಸಾಕಷ್ಟು ಪೀಡಿಸಿದ್ದಾಯ್ತು. ಹೋಗಿ ಸೌದೆ ಒಡಿ" ಎಂದು ಗದರಿದಳು. ಸಂಜೆಯ ಹೊತ್ತಿಗೆ ತಾಯಿ ಮಗು ಇಬ್ಬರೂ ಉಳಿದಿದ್ದರು. ಊರಿನ ಅರ್ಧ ಜನರನ್ನು ಭೂಮಿಗೆ ತಂದದ್ದು ಆ ಕೈಗಳೇ.

ಈಗ ಆ ದರಿದ್ರ ಕಾಲದ ಮಾತು. ನಮಗೆ ನಾಯಕ ಆಕಾಶದಿಂದ ಉದುರಿದ, ಯುದ್ಧ ಬಿರುಗಾಳಿಯ ಹಾಗೆ ಬಂತು ಎಂದು ಆಮೇಲೆ ಎಲ್ಲರೂ ಹೇಳಿಕೊಂಡರು. ಸುಳ್ಳು. ನಾವು ಬಾಗಿಲು ತೆರೆದು, ಕುರ್ಚಿ ಒರೆಸಿ ಕೂರಿಸಿದೆವು. ಮೊದಲನೆಯ ಯುದ್ಧದಲ್ಲಿ ನಮ್ಮ ಚರ್ಚಿನ ದೊಡ್ಡ ಗಂಟೆಯನ್ನು ಇಳಿಸಿಕೊಂಡು ಹೋಗಿ ಕರಗಿಸಿ ಫಿರಂಗಿಗೆ ಹಾಕಿದ್ದರು. ಸೋತ ಮೇಲೆ ಪ್ಯಾರಿಸ್ಸಿನ ಹತ್ತಿರ ಎಲ್ಲೋ ಒಂದು ಅರಮನೆಯಲ್ಲಿ ಕೂತು ನಮ್ಮ ಕೈಯಲ್ಲಿ ಸಹಿ ಹಾಕಿಸಿಕೊಂಡರು, ತಪ್ಪೆಲ್ಲ ನಮ್ಮದೇ ಅಂತ. ಹೊಸ ಗಂಟೆಗೆಂದು ಊರು ಕೂಡಿಟ್ಟ ಹಣ ಒಂದೇ ವರ್ಷದ ಬೆಲೆಯೇರಿಕೆಯಲ್ಲಿ ಎಷ್ಟಕ್ಕೆ ಇಳಿಯಿತೆಂದರೆ, ಅದರಲ್ಲಿ ಗಂಟೆಯ ಹಗ್ಗವೂ ಬರಲಿಲ್ಲ. ಆಮೇಲೆ ಬ್ರಷ್ ಕಾರ್ಖಾನೆ ಮುಚ್ಚಿತು. ಗಂಡಸರು ಬೆಳಿಗ್ಗೆ ಬೆಳಿಗ್ಗೆ ಚೌಕದಲ್ಲಿ ಜೇಬಿಗೆ ಕೈ ಹಾಕಿಕೊಂಡು ನಿಲ್ಲಲು ಶುರುಮಾಡಿದರು.

ಗೊಟ್ಲೀಬನಿಗೆ ಆ ಚೌಕವನ್ನು ನೋಡಿದರೆ ಮೈ ಉರಿಯುತ್ತಿತ್ತು. ಅವನಿಗೆ ಯಾರ ಮೇಲೂ ದ್ವೇಷ ಇರಲಿಲ್ಲ, ಅಸ್ತವ್ಯಸ್ತದ ಮೇಲೆ ಮಾತ್ರ ಇತ್ತು. ಆ ನಾಯಕ ಎಲ್ಲವನ್ನೂ ಮತ್ತೆ ಸಾಲಾಗಿ ನಿಲ್ಲಿಸುತ್ತೇನೆ ಎಂದ. ಗೊಟ್ಲೀಬ್ ಪಕ್ಷ ಸೇರಲಿಲ್ಲ, ಇದನ್ನು ಕೊನೆಯವರೆಗೂ ಹೇಳಿಕೊಂಡ. ಆದರೆ ಮೂವತ್ತೆರಡರಲ್ಲಿ ಎರಡು ಸಲ ಚುನಾವಣೆ ಬಂದಾಗ ಎರಡು ಸಲವೂ ಮತಪತ್ರದಲ್ಲಿ ಆ ನಾಯಕನ ಪಕ್ಷದ ವೃತ್ತದೊಳಗೆ ಪೆನ್ಸಿಲಿನಿಂದ ಗುರುತು ಹಾಕಿದ, ಗೆರೆ ಎಲ್ಲೂ ಹೊರಗೆ ಹೋಗದ ಹಾಗೆ.

ಮಾರನೆಯ ವರ್ಷದಿಂದ ಅವನ ಅದೃಷ್ಟ ಖುಲಾಯಿಸಿತು. ಹೊಸ ಸರಕಾರದ ನಿಯಮ ಬಂತು. ನೌಕರಿ ಬೇಕೆಂದರೆ, ಇದ್ದ ನೌಕರಿ ಉಳಿಯಬೇಕೆಂದರೆ, ಅಪ್ಪ ಅಮ್ಮ ಅಜ್ಜ ಅಜ್ಜಿ ಯಾರಲ್ಲೂ ಯಹೂದಿ ರಕ್ತ ಇಲ್ಲವೆಂದು ಕಾಗದ ತೋರಿಸಬೇಕು. ಸರಕಾರದ ಜನನ ದಾಖಲೆ ಶುರುವಾಗಿದ್ದೇ ಈಚೆಗೆ, ಅಜ್ಜ ಅಜ್ಜಿಯರ ಜಾತಕವೆಲ್ಲ ಇದ್ದದ್ದು ಚರ್ಚಿನ ಪುಸ್ತಕದಲ್ಲಿ. ಇಪ್ಪತ್ತು ವರ್ಷ ಯಾರೂ ತಿರುಗಿ ನೋಡದಿದ್ದ ಗೊಟ್ಲೀಬನ ಕೋಣೆಯ ಮುಂದೆ ಸಾಲು ನಿಂತಿತು. ಮೇಷ್ಟ್ರು ಬಂದರು, ಅಂಚೆಯವನು ಬಂದ, ಅವನನ್ನು ಹಿಂದೆ ಮಾತೂ ಆಡಿಸದಿದ್ದ ಜಿಲ್ಲೆಯ ಇಂಜಿನಿಯರು ಟೋಪಿ ತೆಗೆದು ನಿಂತರು.

"ರಾಪೋಲ್ಟರೇ, ಸ್ವಲ್ಪ ಬೇಗ ನೋಡಿ. ನಿಮ್ಮ ಕೈಲಿದೆ ನನ್ನ ಬಾಳು."

ಅವನ ಕಿವಿ ಕೆಂಪಾಗುತ್ತಿತ್ತು, ಸಂತೋಷಕ್ಕೆ. ಅವನು ಹಳೆಯ ಪುಸ್ತಕ ಇಳಿಸುತ್ತಿದ್ದ, ಬೆರಳನ್ನು ನೀರಿಗೆ ಅದ್ದದೆ ಹಾಳೆ ತಿರುಗಿಸುತ್ತಿದ್ದ, ಇದ್ದದ್ದನ್ನು ಇದ್ದ ಹಾಗೆ ನಕಲು ಮಾಡುತ್ತಿದ್ದ. ಕೆಳಗೆ "ಮೂಲಕ್ಕೆ ಅಕ್ಷರಶಃ ಸರಿಹೊಂದುತ್ತದೆ" ಎಂದು ಬರೆದು ಸಹಿ ಹಾಕುತ್ತಿದ್ದ. ಈ ಕಾಗದಗಳು ಯಾತಕ್ಕೆ ಎಂದು ಒಂದು ದಿನವೂ ಕೇಳಿಕೊಳ್ಳಲಿಲ್ಲ. ಗುಮಾಸ್ತನ ಕೆಲಸ ನಕಲು ಮಾಡುವುದು, ಅಷ್ಟೆ.

ಇತ್ತ ದೇಶಕ್ಕೆ ಕೇಳಿದ್ದೆಲ್ಲ ಸಿಗುತ್ತಿತ್ತು. ಕಾರ್ಖಾನೆ ಮತ್ತೆ ತೆರೆಯಿತು, ಈ ಸಲ ಬಂದೂಕಿನ ನಳಿಗೆ ಉಜ್ಜುವ ಬ್ರಷ್ಷು ಮಾಡಿತು. ಸೈನ್ಯ ಹೋಗಬಾರದೆಂದಿದ್ದ ರೈನ್ ನದಿಯ ದಡಕ್ಕೆ ಸೈನ್ಯ ಹೋಯಿತು, ಯಾರೂ ಏನೂ ಮಾಡಲಿಲ್ಲ, ನಾವು ಚಪ್ಪಾಳೆ ಹೊಡೆದೆವು. ಆಸ್ಟ್ರಿಯ ಬಂತು, ಚಪ್ಪಾಳೆ. ಜೆಕ್ಕರ ಗುಡ್ಡಸೀಮೆ ಬಂತು, ಹೊರದೇಶದ ದೊಡ್ಡವರೇ ಬಂದು ತಟ್ಟೆಯಲ್ಲಿಟ್ಟು ಕೊಟ್ಟು ಹೋದರು, ಮತ್ತೂ ಜೋರು ಚಪ್ಪಾಳೆ. ಅದೇ ವರ್ಷದ ಚಳಿಗಾಲದಲ್ಲಿ ಚೌಕದ ಮೂಲೆಯ ಬಟ್ಟೆ ಅಂಗಡಿಯ ಗಾಜು ಒಡೆದರು. ಅಂಗಡಿಯ ಯಹೂದಿ ಮುದುಕ ಹೆಂಡತಿಯ ಕೈ ಹಿಡಿದುಕೊಂಡು ಊರು ಬಿಟ್ಟ. ಗೊಟ್ಲೀಬ್ ಆ ದಿನ ಗಾಜಿನ ಚೂರುಗಳನ್ನು ಕಾಲಿನಿಂದ ಒಂದು ಬದಿಗೆ ಸರಿಸಿದ. ಮನೆಗೆ ಬಂದು, "ಇಷ್ಟು ಗಲೀಜು ಮಾಡಬಾರದಿತ್ತು" ಅಂದ. ಗಲೀಜು!

ಮೂವತ್ತೊಂಬತ್ತರ ವಸಂತದಲ್ಲಿ ಸೂಲಗಿತ್ತಿಯರಿಗೂ ಆ ಕಾಗದ ಬೇಕೆಂಬ ಹೊಸ ಕಾನೂನು ಬಂತು. ಲೋನಿಯಕ್ಕ ಕೋಣೆಗೆ ನುಗ್ಗಿ, ಕೇಳದೆಯೇ ಕುರ್ಚಿ ಎಳೆದುಕೊಂಡು ಕೂತಳು. ಆಗ ಅವಳಿಗೆ ಐವತ್ತೆಂಟು.

"ನೋಡಪ್ಪ ಗುಮಾಸ್ತ, ಇಷ್ಟು ವರ್ಷ ನಾನು ಮಕ್ಕಳ ಬುಡ ನೋಡಿ ಗಂಡೋ ಹೆಣ್ಣೋ ಹೇಳ್ತಿದ್ದೆ. ಈಗ ನನ್ನ ಬುಡ ನೋಡ್ಬೇಕಂತೆ ಬರ್ಲಿನ್ನಿನವರು. ನೋಡಿ ಬರ್ಕೊಡು."

"ನಾಳಿದ್ದು ಬಾ ಲೋನಿಯಕ್ಕ. ಪುಸ್ತಕ ಇಳಿಸಬೇಕು."

"ನಿನ್ನ ಮಗಳನ್ನ ಇಳಿಸಕ್ಕೆ ನಾನು ನಾಳಿದ್ದು ಅಂದಿದ್ನಾ?" ಎಂದು ಬೆನ್ನಿಗೊಂದು ಗುದ್ದಿ ಹೋದಳು.

ಅವಳ ತಂದೆಯ ಕಡೆಯೆಲ್ಲ ಸರಿಯಾಗಿತ್ತು, ಮೂರು ತಲೆಮಾರು ಕಮ್ಮಾರರು. ತಾಯಿಯ ಹೆಸರು ಷಾರ್ಲೊಟ್ಟೆ. ಸಾವಿರದ ಎಂಟುನೂರ ನಲವತ್ತೊಂಬತ್ತರ ಪುಸ್ತಕದಲ್ಲಿ ಅವಳು ಸಿಕ್ಕಳು, ನಾಲ್ಕು ವರ್ಷದ ಹುಡುಗಿಗೆ ದೀಕ್ಷಾಸ್ನಾನ. ಅಪ್ಪ ಅಮ್ಮನ ಹೆಸರು ನಮ್ಮವರ ಹೆಸರುಗಳೇ. ಕಪ್ಪು ಮಸಿಯ ಸಾಲು ಅಷ್ಟಕ್ಕೇ ಮುಗಿಯಿತು. ಪಕ್ಕದ ಅಂಚಿನಲ್ಲಿ ಮಾಸಿಹೋದ ಕೆಂಪು ಮಸಿಯಲ್ಲಿ, ಇರುವೆ ಗಾತ್ರದ ಅಕ್ಷರದಲ್ಲಿ, ಯಾವನೋ ಹಳೆಯ ಗುಮಾಸ್ತ ಬರೆದಿದ್ದ: "ತಂದೆ ತಾಯಿ ಇಬ್ಬರೂ ಯಹೂದಿಗಳು, ಇಂದೇ ಮಗುವಿನೊಡನೆ ದೀಕ್ಷೆ ಪಡೆದರು."

ಗೊಟ್ಲೀಬ್ ಭೂತಗನ್ನಡಿ ತಂದು ಮೂರು ಸಲ ಓದಿದ. ಅವನಿಗೆ ಎಲ್ಲ ಅರ್ಥವಾಯಿತು. ಲೋನಿಯಕ್ಕನ ತಾಯಿಯ ಕಡೆಯ ಅಜ್ಜ ಅಜ್ಜಿ ಇಬ್ಬರೂ ಯಹೂದಿಗಳು, ಅಂದರೆ ಹೊಸ ಕಾನೂನಿನ ಲೆಕ್ಕದಲ್ಲಿ ಅವಳು ಅರ್ಧ ಯಹೂದಿ. ಆ ಸಾಲನ್ನು ಬರೆದರೆ ಅವಳು ಇನ್ನು ಮಗು ಮುಟ್ಟುವ ಹಾಗಿಲ್ಲ. ಬಿಟ್ಟರೆ ಯಾರಿಗೂ ಗೊತ್ತಾಗುವ ಹಾಗಿಲ್ಲ, ಆ ಪುಸ್ತಕವನ್ನು ತೆರೆಯುವವನು ಇಡೀ ಜಿಲ್ಲೆಯಲ್ಲಿ ಅವನೊಬ್ಬನೇ. ಅವನು ಪುಸ್ತಕ ಹೊತ್ತುಕೊಂಡು ಪಾದ್ರಿಗಳ ಹತ್ತಿರ ಹೋದ.

ಪಾದ್ರಿಗಳು ನೋಡಿದರು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ನನಗೆ ಅಂಚು ಕಾಣಿಸ್ತಿಲ್ಲ, ಗೊಟ್ಲೀಬ್."

"ಭೂತಗನ್ನಡಿ ಇದೆ, ಪಾದ್ರಿಗಳೇ."

"ಬೇಡ. ಕಣ್ಣು ಮಂಜಾಗಿದೆ. ನಿನಗೂ ವಯಸ್ಸಾಯ್ತಲ್ಲ, ನಿನ್ನ ಕಣ್ಣೂ ಒಂದು ದಿನ ಮಂಜಾದರೆ ಯಾರೇನು ಅಂತಾರೆ?"

ಇದಕ್ಕಿಂತ ಬಿಡಿಸಿ ಯಾರು ಹೇಳುತ್ತಾರೆ? ಹಾಗಂತ ಪಾದ್ರಿಗಳನ್ನೂ ನಾನು ಹೊಗಳುವುದಿಲ್ಲ. ಬೇಡ ಎಂದು ಬಾಯಿಬಿಟ್ಟು ಹೇಳಲು ಅವರಿಗೂ ಧೈರ್ಯ ಇರಲಿಲ್ಲ, ಕನ್ನಡಕ ತೆಗೆಯುವಷ್ಟೇ ಇತ್ತು. ಗೊಟ್ಲೀಬ್ ಪುಸ್ತಕ ಮುಚ್ಚಿಕೊಂಡು, "ನನ್ನ ಕಣ್ಣು ಚೆನ್ನಾಗಿದೆ" ಎಂದು ಹೇಳಿ ಎದ್ದ. ಅವನಿಗೆ ಒಳಗೊಳಗೇ ಹೆಮ್ಮೆ. ಎಲ್ಲರೂ ಬಾಗುವ ಕಾಲದಲ್ಲಿ ತಾನೊಬ್ಬ ನೆಟ್ಟಗಿದ್ದೇನೆ ಎಂಬ ಹೆಮ್ಮೆ.

ಮನೆಯಲ್ಲಿ ಬಾಬೆಟ್ಟೆ ನೇರವಾಗಿಯೇ ಕೇಳಿದಳು. "ಬಿಟ್ಬಿಡ್ರೀ ಅದನ್ನ. ನಿಮ್ಮ ಕೈ ಬಿದ್ದುಹೋಗುತ್ತಾ?"

"ಮೂಲದಲ್ಲಿ ಇದೆ ಕಣೇ."

"ಮೂಲದಲ್ಲಿ ನಾನೂ ಇದ್ದೆ, ಮೂರು ದಿನ ಸಾಯ್ತಾ. ಅದನ್ನ ಬರೆದಿದೀರಾ ಎಲ್ಲಾದ್ರೂ?"

ಅವನು ಬರೆದ. ಸಾಲು ಕಪ್ಪಿನಲ್ಲಿ, ಅಂಚು ಕೆಂಪಿನಲ್ಲಿ, ಹಳೆಯ ಗುಮಾಸ್ತನ ಇರುವೆ ಅಕ್ಷರಕ್ಕಿಂತ ಎಷ್ಟೋ ಸ್ಪಷ್ಟವಾಗಿ. ಅಂಥ ಕಾಗದದ ಒಂದು ಪ್ರತಿ ನೇರ ಜಿಲ್ಲೆಗೆ ಹೋಗಬೇಕಿತ್ತು. ಅದನ್ನು ಬೆಳಗಿನ ಟಪಾಲಿಗೇ ಹಾಕಿಬಿಟ್ಟ. ಲೋನಿಯಕ್ಕ ಬಂದದ್ದು ಮಧ್ಯಾಹ್ನ.

ಅವಳು ಕಾಗದವನ್ನು ದೂರ ಹಿಡಿದು ಓದಿದಳು, ಓದಿ ಮೊದಲು ನಕ್ಕಳು. "ಅಯ್ಯೋ ದೇವರೇ ಅನ್ನೋ ಹಾಗಾಯ್ತಲ್ಲೋ! ಯಹೂದಿಗಳು ಹಂದಿ ಮುಟ್ಟಲ್ಲ ಅಂತಾರೆ, ನಮ್ಮಮ್ಮ ಪ್ರತಿ ಭಾನುವಾರ ಹಂದಿ ತೊಡೆ ಹುರೀತಿದ್ಳು. ಇಡೀ ಬೀದಿ ಮೂಗು ಅರಳಿಸ್ತಿತ್ತು." ಆಮೇಲೆ ಮತ್ತೆ ಓದಿದಳು. ನಗು ನಿಂತುಹೋಯಿತು. ಕೆಂಪು ಸಾಲಿನ ಮೇಲೆ ಬೆರಳಿಟ್ಟಳು. "ಈ ಕೆಂಪು ಸಾಲೊಂದು ಬಿಟ್ಟು ಇನ್ನೊಂದು ಬರ್ಕೊಡಪ್ಪ. ನಾನು ಯಾವತ್ತೂ ನಿನ್ನ ಹತ್ರ ಏನೂ ಕೇಳಿಲ್ಲ."

"ಜಿಲ್ಲೆಗೆ ಹೋಗಿಬಿಟ್ಟಿದೆ ಲೋನಿಯಕ್ಕ."

"ಯಾವಾಗ?"

"ಬೆಳಿಗ್ಗೆ."

ಅವಳು ಕಾಗದವನ್ನು ಮಡಚಿ ಜೇಬಿಗೆ ಹಾಕಿಕೊಂಡಳು. "ನಿನ್ನ ಅಕ್ಷರ ಬಹಳ ಚೆಂದ ಕಣಪ್ಪ" ಎಂದು ಹೇಳಿ ಎದ್ದುಹೋದಳು. ತಿಂಗಳು ತುಂಬುವ ಮೊದಲು ಅವಳ ಬಾಗಿಲಿನ ಮೇಲಿದ್ದ ಸೂಲಗಿತ್ತಿಯ ಬೋರ್ಡನ್ನು ಕಿತ್ತರು. ನಾಲ್ಕು ಮೊಳೆಯ ತೂತು ಹಾಗೇ ಉಳಿಯಿತು. ಅವಳು ಹೋಟೆಲಿನ ಹಾಸಿಗೆ ಬಟ್ಟೆ ಒಗೆಯುವ ಕೆಲಸಕ್ಕೆ ಸೇರಿದಳು. ಗೊಟ್ಲೀಬ್ ಅವಳ ಬೀದಿ ಬಿಟ್ಟು ಬೇರೆ ಬೀದಿಯಲ್ಲಿ ಚರ್ಚಿಗೆ ಹೋಗಲು ಶುರುಮಾಡಿದ. ಕೇಳಿದರೆ, ಅಲ್ಲಿ ಕಲ್ಲುಹಾಸು ಸರಿಯಿಲ್ಲ ಎನ್ನುತ್ತಿದ್ದ.

ಸೆಪ್ಟೆಂಬರಿನಲ್ಲಿ ಪೋಲೆಂಡಿನ ಮೇಲೆ ಬಿದ್ದೆವು. ಈ ಸಲ ತಟ್ಟೆಯಲ್ಲಿಟ್ಟು ಯಾರೂ ಕೊಡಲಿಲ್ಲ, ಇಂಗ್ಲೆಂಡು ಫ್ರಾನ್ಸು ಯುದ್ಧ ಸಾರಿದವು. ಚೌಕದ ಧ್ವನಿವರ್ಧಕ ಅದನ್ನು ಹೇಳಿದಾಗ ಯಾರೂ ಚಪ್ಪಾಳೆ ಹೊಡೆಯಲಿಲ್ಲ. ಹೆಂಗಸರು ಬುಟ್ಟಿ ಹಿಡಿದುಕೊಂಡು ನಿಂತಲ್ಲೇ ನಿಂತರು. ಇಷ್ಟು ವರ್ಷ ಬೇಕು ಬೇಕು ಎಂದು ಕೇಳಿದ್ದಕ್ಕೆಲ್ಲ ಬೆಲೆ ಇದೆಯೆಂದು ಆ ದಿನ ಹೊಳೆಯಿತೋ ಏನೋ. ಹೊಳೆದರೂ ಯಾರೂ ಬಾಯಿಬಿಡಲಿಲ್ಲ. ಎರಡು ವರ್ಷ ಕಳೆದು ಹೆಡ್ವಿಗಳ ಗಂಡ ಸೈನಿಕನಾಗಿ ರಷ್ಯಕ್ಕೆ ಹೋದ. ಡಾಕ್ಟರು ಸೈನ್ಯಕ್ಕೆ ಹೋದರು. ನಮ್ಮೂರಿಗೆಂದು ನೇಮಿಸಿದ ಹೊಸ ಸೂಲಗಿತ್ತಿ ಎರಡು ಗಾವುದ ಆಚೆಯ ಊರಿನಲ್ಲಿದ್ದಳು.

ನಲವತ್ತೆರಡರ ಫೆಬ್ರವರಿ. ಎದೆಮಟ್ಟ ಹಿಮ. ಬೆಳಿಗ್ಗೆ ಹತ್ತು ಗಂಟೆಗೆ, ಹೆರಿಗೆಗೆಂದು ತವರಲ್ಲಿದ್ದ ಹೆಡ್ವಿಗಳಿಗೆ ನೋವು ಶುರುವಾಯಿತು, ದಿನ ತುಂಬುವುದಕ್ಕೆ ಇನ್ನೂ ಮೂರು ವಾರ ಇತ್ತು. ದಾರಿ ಮುಚ್ಚಿಹೋಗಿತ್ತು, ಫೋನಿನ ತಂತಿ ಬಿದ್ದಿತ್ತು. ಮಧ್ಯಾಹ್ನದ ಹೊತ್ತಿಗೆ ಮಗಳ ಕೂಗು ತಡೆಯಲಾಗದೆ ಗೊಟ್ಲೀಬ್ ಕೋಟು ಹಾಕಿಕೊಂಡ. ಎಲ್ಲಿಗೆ ಎಂದು ಬಾಬೆಟ್ಟೆ ಕೇಳಲಿಲ್ಲ. ಮೂರು ವರ್ಷ ತುಳಿಯದ ಬೀದಿಯಲ್ಲಿ ಹಿಮ ಒದೆಯುತ್ತ ನಡೆದು ಹೋಗಿ, ನಾಲ್ಕು ತೂತಿನ ಬಾಗಿಲು ತಟ್ಟಿದ.

ಬಾಗಿಲು ತೆರೆಯಿತು. ಅವನು ಟೋಪಿ ತೆಗೆದು ನಿಂತ. ಯಾವ ಮುಖ ಇಟ್ಟುಕೊಂಡು ಕೇಳಬೇಕು?

"ಹೆಡ್ವಿಗಾ?" ಎಂದು ಅವಳೇ ಕೇಳಿದಳು.

ಅವನು ತಲೆಯಾಡಿಸಿದ. "ನಿನಗೆ ನಿಷೇಧ ಇದೆ ಲೋನಿಯಕ್ಕ. ಗೊತ್ತು. ಆದರೂ ಬಾ ಅಂತ ನಾನೇ ಕೇಳ್ತಿದೀನಿ. ಏನಾದ್ರೂ ಆದ್ರೆ ನಾನು ಕರೆದೆ ಅಂತ ಹೇಳ್ತೀನಿ."

"ಭಾಷಣ ಆಮೇಲೆ. ನೀರು ಕಾಯಕ್ಕಿಟ್ಟಿದೀರೋ ಇಲ್ವೋ?"

ಅವಳ ಚರ್ಮದ ಚೀಲ ಬಾಗಿಲ ಹಿಂದೆಯೇ ಇತ್ತು, ಎಣ್ಣೆ ಹಚ್ಚಿ ಮಿರುಗುತ್ತಿತ್ತು. ಮೂರು ವರ್ಷ ಉಪಯೋಗವಿಲ್ಲದ ಚೀಲವನ್ನು ಅವಳು ವಾರ ವಾರ ಒರೆಸಿಟ್ಟಿದ್ದಳು. ಗೊಟ್ಲೀಬ್ ಅದನ್ನು ಎತ್ತಿಕೊಳ್ಳಲು ಕೈ ಚಾಚುವಷ್ಟರಲ್ಲಿ ಅವಳೇ ಹಿಡಿದುಕೊಂಡು ಹಿಮದಲ್ಲಿ ಮುಂದೆ ಹೋಗುತ್ತಿದ್ದಳು. ಮಗುವಿನ ಕುತ್ತಿಗೆಗೆ ಹೊಕ್ಕುಳ ಬಳ್ಳಿ ಎರಡು ಸುತ್ತು ಸುತ್ತಿಕೊಂಡಿತ್ತು. ಹುಟ್ಟಿದಾಗ ಮೈ ನೀಲಿ, ಉಸಿರಿಲ್ಲ. ಲೋನಿಯಕ್ಕ ತನ್ನ ಬಾಯಿಂದ ಅದರ ಬಾಯಿಗೆ ಉಸಿರು ಊದಿದಳು, ಕಾಲು ಹಿಡಿದು ತಟ್ಟಿದಳು, ಬೈದಳು, ಮತ್ತೆ ಊದಿದಳು. ಕೊನೆಗೆ ಮಗು ಬೆಕ್ಕಿನ ಮರಿಯ ಹಾಗೆ ಒಂದು ದನಿ ತೆಗೆಯಿತು. ಹೆಣ್ಣು.

ಬಾಬೆಟ್ಟೆ ಅವಳ ಕೈ ಹಿಡಿದುಕೊಂಡು ಅತ್ತಳು. ಲೋನಿಯಕ್ಕ ಬಾರ್ಲಿ ಕಾಫಿ ಕುಡಿದು, ಎರಡು ತುಂಡು ರೊಟ್ಟಿ ತಿಂದು, ಗೊಟ್ಲೀಬನ ಕಡೆ ತಿರುಗಿದಳು. "ಇವಳ ಹೆಸರು ಪುಸ್ತಕದಲ್ಲಿ ಬರೀತೀಯಲ್ಲ, ಆಗ ಅಂಚಲ್ಲಿ ನನ್ನ ಹೆಸರು ಬರೀಬೇಡಪ್ಪ ಪುಣ್ಯಾತ್ಮ. ನಿನ್ನ ಅಂಚು ಅಂದ್ರೆ ನನಗೆ ಭಯ."

ಅವಳು ತಮಾಷೆಗೇ ಹೇಳಿದ್ದು. ಅವನಿಗೆ ನಗಲಾಗಲಿಲ್ಲ.

ಎದುರು ಮನೆಯಲ್ಲಿ ಪಕ್ಷದ ಬೀದಿ ಮುಖಂಡನಿದ್ದ. ಹಿಮದಲ್ಲಿ ಚೀಲ ಹಿಡಿದು ಬಂದವಳನ್ನು ಅವನು ಕಿಟಕಿಯಿಂದ ನೋಡಿದ್ದ. ಎರಡು ದಿನ ಬಿಟ್ಟು ಪೊಲೀಸ್ ದಫೇದಾರ ಡಿಂಕೆಲ್ ಬಂದ. ಡಿಂಕೆಲ್ ಪರಕೀಯನಲ್ಲ, ಚರ್ಚಿನ ಮೇಳದಲ್ಲಿ ಗೊಟ್ಲೀಬನ ಪಕ್ಕ ನಿಂತು ಹಾಡುವವನು. ಅಡುಗೆಮನೆಯ ಮೇಜಿನ ಮುಂದೆ ಕೂತು ಕಾಫಿ ಹೀರುತ್ತ ಎಲ್ಲವನ್ನೂ ಬಿಡಿಸಿ ಹೇಳಿದ.

"ನೋಡು ಗೊಟ್ಲೀಬ್, ಎರಡೇ ದಾರಿ. ಆಪತ್ತಿತ್ತು, ನಾವೇ ಕರೆದ್ವಿ ಅಂತ ನೀನು ಬರ್ಕೊಟ್ರೆ ಅವಳಿಗೆ ಎಚ್ಚರಿಕೆ ಕೊಟ್ಟು ಬಿಡ್ತಾರೆ. ಆದ್ರೆ ಅರ್ಧ ಯಹೂದಿನ ಮನೆಗೆ ಕರೆಸಿದವನು ಚರ್ಚಿನ ಪುಸ್ತಕ ಮುಟ್ಟೋ ಹಾಗಿಲ್ಲ. ನಿನ್ನ ಕೆಲಸ ಹೋಗುತ್ತೆ. ಅವಳಾಗೇ ನುಗ್ಗಿ ಬಂದ್ಳು ಅಂತ ಬರೆದ್ರೆ ನಿನಗೇನೂ ಇಲ್ಲ."

"ಅವಳಿಗೆ?"

ಡಿಂಕೆಲ್ ಕಾಫಿಯ ಲೋಟದೊಳಗೆ ನೋಡಿದ. "ನನ್ನನ್ನ ಯಾಕೆ ಕೇಳ್ತೀಯ."

ಒಳಗಿನ ಕೋಣೆಯಲ್ಲಿ ಮಗು ಅತ್ತಿತು. ಗೊಟ್ಲೀಬ್ ಕಾಗದ ತೆಗೆದುಕೊಂಡ. ಕಪ್ಪು ಮಸಿಯಲ್ಲಿ ಬರೆದ: "ಅಪೊಲೊನಿಯಾ ಶ್ಟ್ರೋಬೆಲ್ ಯಾರೂ ಕರೆಯದೆ ತಾನಾಗಿ ನಮ್ಮ ಮನೆಗೆ ಬಂದಳು. ಆ ಸಮಯದಲ್ಲಿ ನಾನು ಮನೆಯಲ್ಲಿರಲಿಲ್ಲ." ಕೈ ನಡುಗಲಿಲ್ಲ. ಆಮೇಲೆ ಅವನಿಗೆ ಅತ್ಯಂತ ಅಸಹ್ಯವಾಗಿ ಕಂಡದ್ದು ಇದೇ, ಕೈ ನಡುಗಲಿಲ್ಲವಲ್ಲ ಎನ್ನುವುದು. ನಿಜ ಬಿಟ್ಟು ಒಂದಕ್ಷರ ಬರೆಯಲಾರೆ ಎಂದು ಒಬ್ಬಳ ಅನ್ನ ಕಳೆದವನು, ತನ್ನ ಅನ್ನ ಹೋಗುತ್ತದೆ ಎಂದಾಗ ಎರಡು ಸಾಲು ಸುಳ್ಳನ್ನು ಒಂದು ಚಿತ್ತಿಲ್ಲದೆ ಬರೆದ.

ಡಿಂಕೆಲ್ ಹೋದ ಮೇಲೆ ಬಾಬೆಟ್ಟೆ ಒಲೆಯ ಕಡೆ ಮುಖ ಮಾಡಿಕೊಂಡೇ ಕೇಳಿದಳು. "ಚೆನ್ನಾಗಿ ಬಂತಾ ಅಕ್ಷರ?"

ಲೋನಿಯಕ್ಕನನ್ನು ಮಾರನೆಯ ಬೆಳಿಗ್ಗೆ ಕರೆದುಕೊಂಡು ಹೋದರು. ಚೌಕದಲ್ಲಿ ನಡೆಸಿಕೊಂಡು ಹೋದರು, ಹಾಲಿಗೆ ನಿಂತವರೆಲ್ಲ ನೋಡಿದರು. ಅವರಲ್ಲಿ ಅರ್ಧ ಜನ ಅವಳ ಕೈಯಲ್ಲೇ ಹುಟ್ಟಿದವರು, ಎಲ್ಲರಿಗೂ ಇದ್ದಕ್ಕಿದ್ದ ಹಾಗೆ ತಮ್ಮ ಹಾಲಿನ ಪಾತ್ರೆಯಲ್ಲಿ ನೋಡುವಂಥದ್ದೇನೋ ಕಾಣಿಸಿತು. ಕಾರ್ಖಾನೆ ತೆರೆದ ಮೇಲೆ ಊರು ಮತ್ತೆ ಹಣ ಕೂಡಿಸಿ ತೂಗಿಸಿದ್ದ ಹೊಸ ಗಂಟೆಯನ್ನೂ ಆ ಬೇಸಿಗೆಯಲ್ಲಿ ಫಿರಂಗಿಗೆಂದು ಇಳಿಸಿಕೊಂಡು ಹೋದರು. ಶರತ್ಕಾಲದಲ್ಲಿ ಚರ್ಚಿಗೆ ಒಂದು ಕಾಗದ ಬಂತು. ಯಾವುದೋ ಶಿಬಿರದಲ್ಲಿ ಅಪೊಲೊನಿಯಾ ಶ್ಟ್ರೋಬೆಲ್ ಹೃದಯದ ದೌರ್ಬಲ್ಯದಿಂದ ತೀರಿಕೊಂಡಳು, ಪುಸ್ತಕದಲ್ಲಿ ನಮೂದಿಸತಕ್ಕದ್ದು. ಅವಳ ಹೃದಯಕ್ಕೆ ದೌರ್ಬಲ್ಯವಂತೆ! ಗೊಟ್ಲೀಬ್ ಸತ್ತವರ ಪುಸ್ತಕ ತೆರೆದು, ದಿನಾಂಕ, ಹೆಸರು, ಕಾರಣ ಮೂರನ್ನೂ ಅವರು ಹೇಳಿದ ಹಾಗೆಯೇ ಬರೆದ. ಅಂಚನ್ನು ಖಾಲಿ ಬಿಟ್ಟ.

ಯುದ್ಧ ಮುಗಿಯಿತು. ಅಮೆರಿಕದವರ ಟ್ಯಾಂಕು ಚೌಕದಲ್ಲಿ ನಿಂತಿತು. ಹೆಡ್ವಿಗಳ ಗಂಡ ಬರಲಿಲ್ಲ. ನಲವತ್ತಾರರಲ್ಲಿ, ನಾಯಕನ ಕಾಲದಲ್ಲಿ ಯಾರು ಏನು ಮಾಡಿದರೆಂದು ತಿಳಿಯಲು ಎಲ್ಲರಿಗೂ ಒಂದು ಪ್ರಶ್ನಾವಳಿ ಕೊಟ್ಟರು, ನೂರ ಮೂವತ್ತೊಂದು ಪ್ರಶ್ನೆ. ಅದರಲ್ಲಿ ಶುದ್ಧನಾಗಿ ಹೊರಬಂದವನಿಗೆ ಮಾತ್ರ ಕೆಲಸ, ಪಿಂಚಣಿ. ಊರೆಲ್ಲ ಒಬ್ಬರಿಗೊಬ್ಬರು ಒಳ್ಳೆಯವರೆಂದು ಪತ್ರ ಬರೆದುಕೊಡುವ ಸಡಗರ. ಡಿಂಕೆಲ್ ಕೂಡ ಬಂದ.

"ನಾನು ಕೆಟ್ಟವನಲ್ಲ ಅಂತ ಎರಡು ಸಾಲು ಬರ್ಕೊಡೋ ಗೊಟ್ಲೀಬ್. ಲೋನಿಯಕ್ಕ ಇದ್ದಿದ್ರೆ ಅವಳನ್ನೇ ಕೇಳ್ತಿದ್ದೆ. ದೊಡ್ಡ ಮನಸ್ಸು ಅವಳದು."

ಗೊಟ್ಲೀಬ್ ಬಾಗಿಲು ಮುಚ್ಚಿದ. ಅವನ ಜೀವಮಾನದಲ್ಲಿ ಯಾರ ಮುಖದ ಮೇಲಾದರೂ ಬಾಗಿಲು ಮುಚ್ಚಿದ್ದು ಅದೊಂದೇ ಸಲ. ಮುಚ್ಚಿದ ಮೇಲೆ ಒಳಗೆ ಉಳಿದವನು ತಾನೇ ಎಂದು ಗೊತ್ತಾಗಿ, ಬಾಗಿಲಿಗೆ ಹಣೆ ಹಚ್ಚಿ ನಿಂತುಬಿಟ್ಟ.

ಪ್ರಶ್ನಾವಳಿ ತುಂಬಲು ಮೂರು ದಿನ ಹಿಡಿಯಿತು. ಪಕ್ಷದ ಸದಸ್ಯನೇ? ಇಲ್ಲ. ಸೈನ್ಯದ ಅಧಿಕಾರಿಯೇ? ಇಲ್ಲ. ಸಮವಸ್ತ್ರ ಧರಿಸಿದ್ದೆಯೇ? ಇಲ್ಲ. ನೂರ ಮೂವತ್ತೊಂದಕ್ಕೂ ನಿಜವೇ ಉತ್ತರ, ಆ ನಿಜದಲ್ಲಿ ಎಲ್ಲೂ ಲೋನಿಯಕ್ಕ ಇಲ್ಲ. ಬಾಬೆಟ್ಟೆ ಅವನ ಹೆಗಲ ಮೇಲಿಂದ ನೋಡಿದಳು. ಅವಳು ಅವನೊಡನೆ ನಾಲ್ಕು ವರ್ಷದಿಂದ ಉಪ್ಪು, ಸೌದೆ, ಮೊಮ್ಮಗಳು ಇಷ್ಟರ ಬಗ್ಗೆ ಮಾತ್ರ ಮಾತಾಡುತ್ತಿದ್ದಳು.

"ಅವಳನ್ನ ಎಲ್ಲಿ ಬರೀತೀರಾ?"

"ಆ ಪ್ರಶ್ನೆ ಇಲ್ಲ ಕಣೇ."

"ನಿಮಗೆ ಅಂಚಿಗೆ ಬರವಾ?"

ಅವನು ಕೆಂಪು ಮಸಿಯ ದೌತಿ ಹುಡುಕಿ ತಂದ. ಕೊನೆಯ ಹಾಳೆಯ ಅಂಚಿನಲ್ಲಿ, ಕಾಗದವನ್ನು ಅಡ್ಡ ತಿರುಗಿಸಿ ಬರೆದ: "ಸೂಲಗಿತ್ತಿ ಅಪೊಲೊನಿಯಾ ಶ್ಟ್ರೋಬೆಲ್‌ಳ ವಂಶದ ಕಾಗದವನ್ನು ಬರೆದು ಕೆಲಸ ಕಳೆದವನು ನಾನು. ನನ್ನ ಮಗಳ ಹೆರಿಗೆಗೆ ಅವಳನ್ನು ಕರೆದವನೂ ನಾನೇ. ಕರೆಯಲಿಲ್ಲವೆಂದು ಸುಳ್ಳು ಬರೆದುಕೊಟ್ಟೆ. ಅದರಿಂದ ಸತ್ತಳು." ಈ ಸಲ ಕೈ ನಡುಗಿತು. "ಸತ್ತಳು" ಎಂಬಲ್ಲಿ ಮಸಿ ಚೆಲ್ಲಿ ಚಿತ್ತಾಯಿತು, ಅವನು ಅದನ್ನು ತಿದ್ದಲಿಲ್ಲ.

ಪುರಸಭೆಯಲ್ಲಿ ಎಲ್ಲರ ಪ್ರಶ್ನಾವಳಿಯನ್ನೂ ಟೈಪ್ ಮಾಡಿ ಮೇಲಕ್ಕೆ ಕಳಿಸುತ್ತಿದ್ದರು. ಟೈಪ್ ಮಾಡುವವಳು ರೊಟ್ಟಿ ಅಂಗಡಿಯ ಸೊಸೆ, ಯುದ್ಧದಲ್ಲಿ ಗಂಡನನ್ನು ಕಳೆದುಕೊಂಡವಳು. ಗೊಟ್ಲೀಬ್ ಕಾಗದ ಕೊಟ್ಟು ಅಲ್ಲೇ ಬೆಂಚಿನ ಮೇಲೆ ಕೂತ. ತನ್ನನ್ನು ಒಳಗೆ ಕರೆಯುತ್ತಾರೆ, ಕೇಳುತ್ತಾರೆ, ಬೈಯುತ್ತಾರೆ, ಬೇಕಾದರೆ ಜೈಲಿಗೆ ಹಾಕುತ್ತಾರೆ ಎಂದುಕೊಂಡು ಬಂದಿದ್ದ. ಜೈಲಿಗೆಂದು ಜೇಬಿನಲ್ಲಿ ಒಂದು ಜೊತೆ ಉಣ್ಣೆಯ ಕಾಲುಚೀಲವನ್ನೂ ಇಟ್ಟುಕೊಂಡಿದ್ದ. ಯಂತ್ರ ಟಕಟಕ ಎಂದಿತು, ನಿಂತಿತು, ಮತ್ತೆ ಟಕಟಕ ಎಂದಿತು. ಅರ್ಧ ಗಂಟೆಗೆ ಅವಳು ಹಾಳೆಗಳನ್ನು ಮುಂದಿಟ್ಟಳು.

"ಎಲ್ಲಾದಕ್ಕೂ ಇಲ್ಲ ಅಂತಲೇ ಇದೆ, ರಾಪೋಲ್ಟ್ ಮಾಮ. ನಿಮ್ಮ ಥರ ಶುದ್ಧವಾದ ಕಾಗದ ಇವತ್ತು ಒಂದೂ ಬಂದಿರಲಿಲ್ಲ. ಇಲ್ಲೊಂದು ಸಹಿ ಹಾಕಿ."

ಅವನು ಕೊನೆಯ ಹಾಳೆ ತಿರುಗಿಸಿದ. ಅಂಚು ಬೆಳ್ಳಗಿತ್ತು.

"ಇಲ್ಲಿ ನಾನು ಏನೋ ಬರೆದಿದ್ದೆನಲ್ಲಮ್ಮ, ಕೆಂಪಲ್ಲಿ."

"ಓದಿದೆ." ಅವಳು ತಲೆ ಎತ್ತಲಿಲ್ಲ. "ಬಿಟ್ಬಿಟ್ಟೆ. ಅಂಚಲ್ಲಿರೋದನ್ನ ಯಾರು ಕೇಳ್ತಾರೆ? ನಿಮಗೆ ಪಿಂಚಣಿ ಬೇಡ್ವಾ, ಮನೇಲಿ ಮೊಮ್ಮಗು ಇದೆ." ಯಂತ್ರಕ್ಕೆ ಇನ್ನೊಂದು ಹಾಳೆ ಸಿಕ್ಕಿಸುತ್ತ ಮೆಲ್ಲಗೆ ಹೇಳಿದಳು: "ನನ್ನನ್ನೂ ಲೋನಿಯಕ್ಕನೇ ಭೂಮಿಗೆ ತಂದಿದ್ದು. ಅವಳಾಗಿದ್ರೂ ಬಿಡು ಅಂತಿದ್ಳು."

ಹಾಳೆಯ ಕೆಳಗೆ "ಮೂಲಕ್ಕೆ ಅಕ್ಷರಶಃ ಸರಿಹೊಂದುತ್ತದೆ" ಎಂದು ಟೈಪಾಗಿತ್ತು. ಅವನು ಲೇಖನಿ ತೆಗೆದುಕೊಂಡ. ಬೇಡಮ್ಮ, ಸೇರಿಸು ಎಂದು ಹೇಳಬಹುದಿತ್ತು. ಹೇಳಬೇಕೆಂದೇ ಬಾಯಿ ತೆರೆದ. ಆಮೇಲೆ ಸಹಿ ಹಾಕಿದ.

ಮನೆಗೆ ಬಂದಾಗ ಬಾಬೆಟ್ಟೆ ಮೆಟ್ಟಿಲ ಮೇಲೆ ಕೂತು ಆಲೂಗಡ್ಡೆ ಸಿಪ್ಪೆ ತೆಗೆಯುತ್ತಿದ್ದಳು. ಮೊಮ್ಮಗಳು ಅಂಗಳದಲ್ಲಿ ಆಡುತ್ತಿದ್ದಳು. ಅವನು ಜೇಬಿನಿಂದ ಕಾಲುಚೀಲ ತೆಗೆದು ಪಕ್ಕಕ್ಕಿಟ್ಟ.

"ಏನಂದ್ರು?" ಎಂದು ಬಾಬೆಟ್ಟೆ ಕೇಳಿದಳು.

"ಅಂಚಿನದ್ದನ್ನ ಬಿಟ್ಟುಬಿಟ್ಟಳು."

"ಅಷ್ಟು ಸುಲಭವಾ ಬಿಡೋದು?"

"ಹೂಂ."

"ಎಷ್ಟು ಹೊತ್ತು ಹಿಡೀತು ಅವಳಿಗೆ?"

ಗೊಟ್ಲೀಬ್ ಯೋಚಿಸಿದ. ಯಂತ್ರ ನಿಂತು ಮತ್ತೆ ಶುರುವಾದದ್ದರ ನಡುವಿನ ಹೊತ್ತನ್ನು ನೆನಪು ಮಾಡಿಕೊಂಡ. ಅವನು ಲೆಕ್ಕ ತಪ್ಪುವವನಲ್ಲ.

"ಒಂದು ಸಲ ಉಸಿರು ಎಳೆದುಕೊಳ್ಳೋಷ್ಟು" ಎಂದ.

ಬಾಬೆಟ್ಟೆ ಸಿಪ್ಪೆ ತೆಗೆಯುವುದನ್ನು ಮುಂದುವರಿಸಿದಳು.